ಕೆಂಪು ಸಿಲಿಂಡರ್ ಇದೆ, ಮೆಟ್ಟಿಲು ಎಲ್ಲಿದೆ?

ದಾವಣಗೆರೆಯ ಮಂಡಿಪೇಟೆ ಹತ್ತಿರ ಒಂದು ಬಟ್ಟೆ ಅಂಗಡಿ. ಕೆಳಗೆ ಸೀರೆ, ಒಂದನೇ ಮಹಡಿಯಲ್ಲಿ ಗಂಡಸರ ಬಟ್ಟೆ, ಎರಡರಲ್ಲಿ ಮಕ್ಕಳದ್ದು, ಮೂರನೆಯದರಲ್ಲಿ ಮಾಲು. ಶ್ರಾವಣಕ್ಕೆ ಮುಂಚೆ ಒಂದು ದಿನ ಅಲ್ಲಿಗೆ ಹೋಗಿದ್ದೆ. ಬೆಂಕಿ ಆರಿಸುವ ಸಾಮಾನು ಜೋಡಿಸುವುದು, ಸರ್ವಿಸ್ ಮಾಡುವುದು ನನ್ನ ಕೆಲಸ. ಯಜಮಾನರು ಗೋಡೆಗೆ ತೂಗುಹಾಕಿದ್ದ ಕೆಂಪು ಸಿಲಿಂಡರ್‌ಗಳನ್ನು ತೋರಿಸಿದರು.

"ನೋಡ್ರಿ, ಮಹಡಿಗೆ ಎರಡೆರಡು ಹಾಕಿಸಿದ್ದೀನಿ. ಇನ್ನೇನು ಭಯ?"

"ಹಿಂದಿನ ಮೆಟ್ಟಿಲು ತೋರಿಸ್ರಿ ಯಜಮಾನ್ರೇ" ಅಂದೆ.

ಹಿಂದಿನ ಮೆಟ್ಟಿಲಿನ ತುಂಬ ಸೀರೆ ಮೂಟೆ. ಒಬ್ಬರು ಅಡ್ಡಡ್ಡ ತಿರುಗಿದರೆ ಮಾತ್ರ ಇಳಿಯಬಹುದು. ಕೊನೆಯಲ್ಲಿ ಹಿಂದಿನ ಗಲ್ಲಿಗೆ ತೆರೆಯುವ ಶಟರ್. ಅದಕ್ಕೆ ಹೊರಗಿನಿಂದ ಬೀಗ. ಕೀ ಎಲ್ಲಿ ಅಂತ ಕೇಳಿದರೆ, ವಿದ್ಯಾನಗರದ ಮನೆಯಲ್ಲಿದೆಯಂತೆ. "ಕಳ್ಳರ ಕಾಟ ಅಲ್ವಾ?" ಅಂದರು.

ಅವರನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಅವರು ದುಡ್ಡು ಖರ್ಚು ಮಾಡಿದ್ದರು, ಕಾಳಜಿಯೂ ಇತ್ತು. ಆದರೆ ಬೆಂಕಿ ರಕ್ಷಣೆ ಅಂದರೆ ಕೆಂಪು ಬಣ್ಣದ ಸಾಮಾನು ಅಂತ ನಮ್ಮಲ್ಲಿ ತುಂಬ ಜನ ತಿಳಿದಿದ್ದಾರೆ. ನಾನು ಅದನ್ನು ನಿಮಿಷಗಳ ಲೆಕ್ಕ ಅನ್ನುತ್ತೇನೆ. ಬೆಂಕಿ ಹತ್ತಿದ ಹೊತ್ತಿನಿಂದ ಕೊನೆಯ ಮನುಷ್ಯ ರಸ್ತೆಗೆ ಬರುವವರೆಗೆ ಎಷ್ಟು ನಿಮಿಷ ಬೇಕು, ಕಟ್ಟಡ ಎಷ್ಟು ನಿಮಿಷ ಕೊಡುತ್ತದೆ? ಚಾವಣಿಯಿಂದ ನೀರು ಚಿಮುಕಿಸುವ ಸ್ಪ್ರಿಂಕ್ಲರ್, ಅಲಾರಂ, ಪಂಪು, ಬಾಗಿಲು ಎಲ್ಲವೂ ಇದೇ ಲೆಕ್ಕಕ್ಕೆ ಬರುತ್ತವೆ.

ಒಂದು ಕೋಣೆಯ ಮೂಲೆಯಲ್ಲಿ ಬೆಂಕಿ ಹತ್ತಿತು ಅಂದುಕೊಳ್ಳಿ. ಶುರುವಿನಲ್ಲಿ ಅದು ಒಂದು ಬಕೆಟ್ ನೀರಿನ ಕೆಲಸ. ಆದರೆ ಬಿಸಿ ಹೊಗೆ ಮೇಲಕ್ಕೆ ಹೋಗುತ್ತದೆ. ಚಾವಣಿಗೆ ತಾಗಿ ಅಗಲವಾಗಿ ಹರಡುತ್ತದೆ, ಆಮೇಲೆ ಮೇಲಿನಿಂದ ಕೆಳಗೆ ತುಂಬುತ್ತಾ ಬರುತ್ತದೆ. ಸಂಪಿನಲ್ಲಿ ನೀರು ಕೆಳಗಿನಿಂದ ತುಂಬುತ್ತದಲ್ಲ, ಅದರ ಉಲ್ಟಾ. ಮೇಲಿನ ಆ ಹೊಗೆಯ ಪದರ 500-600 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅದರ ಕಾವಿಗೆ ಕೋಣೆಯಲ್ಲಿರುವ ಬಟ್ಟೆ, ಮರ, ಫೋಮ್ ಎಲ್ಲ ಒಂದೇ ಸಲ ಹೊತ್ತಿಕೊಳ್ಳುತ್ತದೆ. ಇದಕ್ಕೆ ಫ್ಲ್ಯಾಶ್‌ಓವರ್ ಅನ್ನುತ್ತಾರೆ. ಫೋಮ್ ಸೋಫಾ, ಪಾಲಿಯೆಸ್ಟರ್ ಬಟ್ಟೆ ತುಂಬಿದ ಕೋಣೆಯಲ್ಲಿ ಮೂರರಿಂದ ಐದು ನಿಮಿಷದಲ್ಲೇ ಇದು ಆಗಿಬಿಡಬಹುದು. ಆಮೇಲೆ ಆ ಕೋಣೆಯಲ್ಲಿ ಯಾರೂ ಉಳಿಯುವುದಿಲ್ಲ.

101ಕ್ಕೋ 112ಕ್ಕೋ ಫೋನ್ ಮಾಡಿದ ಮೇಲೆ ಫೈರ್ ಇಂಜಿನ್ ಹೊರಡಬೇಕು, ಪಿ.ಬಿ. ರೋಡ್ ದಾಟಬೇಕು, ಚೌಕಿಪೇಟೆಯಂಥ ಕಡೆ ಎರಡೂ ಬದಿ ಬೈಕ್ ನಿಂತ ಗಲ್ಲಿಯೊಳಗೆ ನುಗ್ಗಬೇಕು. ಅವರು ಎಷ್ಟೇ ಬೇಗ ಬಂದರೂ ಮೊದಲ ಐದು ನಿಮಿಷ ನಿಮ್ಮ ಕಟ್ಟಡದ್ದೇ.

ಬೆಂಕಿಗಿಂತ ಹೊಗೆ ಜಾಸ್ತಿ ಜನರನ್ನು ಕೊಲ್ಲುತ್ತದೆ. ಸರಿಯಾಗಿ ಉರಿಯದ ವಸ್ತುವಿನಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮನುಷ್ಯನಿಗೆ ಮೊದಲು ಮಂಕು ಕವಿಯುತ್ತದೆ, ಬಾಗಿಲು ಯಾವ ಕಡೆ ಅಂತ ತಿಳಿಯುವುದಿಲ್ಲ, ಆಮೇಲೆ ಕುಸಿಯುತ್ತಾನೆ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರು. ಬೆಂಕಿ ಹುಟ್ಟಿದ್ದು ನೆಲಮಹಡಿಯ ಟ್ರಾನ್ಸ್‌ಫಾರ್ಮರ್‌ನಲ್ಲಿ, ಜನ ಸಿಕ್ಕಿಕೊಂಡಿದ್ದು ಮೇಲೆ ಬಾಲ್ಕನಿಯಲ್ಲಿ. ಹೆಚ್ಚಿನವರು ಉಸಿರುಕಟ್ಟಿ ಹೋದರು. ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಕಟ್ಟಡದೊಳಗೆ ಹೊಗೆ ತುಂಬಿ, ದಾರಿ ಕಾಣದೆ ಕೆಲವರು ಮೇಲಿನಿಂದ ಹಾರಿದರು. 9 ಜನ ಹೋದರು.

ಮೇಲಿನ ಮಹಡಿಗೆ ಹೊಗೆ ಹೇಗೆ ಹೋಗುತ್ತದೆ? ತೆರೆದ ಮೆಟ್ಟಿಲಿನ ಗುಂಡಿ ಅಂದರೆ ಹೊಗೆಗೆ ಚಿಮಣಿ. ಲಿಫ್ಟ್ ಗುಂಡಿಯೂ ಹಾಗೇ. ಇನ್ನೊಂದು ದಾರಿ ಕಣ್ಣಿಗೆ ಬೀಳುವುದೇ ಇಲ್ಲ: ಕರೆಂಟ್ ವೈರುಗಳು ಮೇಲೆ ಹೋಗುವ ಶಾಫ್ಟ್. ಪ್ರತಿ ಮಹಡಿಯಲ್ಲಿ ಸ್ಲ್ಯಾಬ್‌ಗೆ ತೂತು ಹೊಡೆದು ಕೇಬಲ್ ಏರಿಸಿರುತ್ತಾರೆ, ತೂತನ್ನು ಹಾಗೇ ಬಿಟ್ಟಿರುತ್ತಾರೆ. ಕೆಳಗಿನ ಪ್ಯಾನೆಲ್‌ನಲ್ಲಿ ಸುಟ್ಟ ಕೇಬಲ್‌ನ ಕಪ್ಪು ಹೊಗೆ ಆ ತೂತಿನಿಂದಲೇ ನಾಲ್ಕನೇ ಮಹಡಿಯ ಹಜಾರಕ್ಕೆ ಬರುತ್ತದೆ. ಅದನ್ನು ಬೆಂಕಿ ತಡೆಯುವ ಸೀಲಂಟ್ ಅಥವಾ ಗಾರೆ ಹಾಕಿ ಮುಚ್ಚಬೇಕು. ಇದಕ್ಕೆ ಹೆಚ್ಚು ಖರ್ಚಿಲ್ಲ. ಆದರೂ ನಾನು ನೋಡಿದ ಹತ್ತು ಕಟ್ಟಡದಲ್ಲಿ ಎಂಟರಲ್ಲಿ ಇದು ಬಾಯಿ ಬಿಟ್ಟುಕೊಂಡೇ ಇರುತ್ತದೆ.

ಇದೇ ಕಾರಣಕ್ಕೆ ಮೆಟ್ಟಿಲಿಗೆ ಫೈರ್ ಡೋರ್ ಹಾಕುವುದು. ಅದು ಬೆಂಕಿಯನ್ನು ಗಂಟೆಗಟ್ಟಲೆ ತಡೆದು ನಿಲ್ಲುವಂತೆ ಮಾಡಿದ ಬಾಗಿಲು. ಅಂಚಿನಲ್ಲಿ ಒಂದು ಪಟ್ಟಿ ಇರುತ್ತದೆ, ಕಾವು ತಾಗಿದರೆ ಅದು ಉಬ್ಬಿ ಸಂದು ಮುಚ್ಚುತ್ತದೆ. ಮೇಲಿರುವ ಡೋರ್ ಕ್ಲೋಸರ್ ಬಾಗಿಲನ್ನು ತಾನಾಗಿ ಮುಚ್ಚುತ್ತದೆ. ನಾವೇನು ಮಾಡುತ್ತೇವೆ? ಗಾಳಿ ಬರಲಿ ಅಂತ ಕೆಳಗೊಂದು ಇಟ್ಟಿಗೆ ಇಟ್ಟು ತೆರೆದಿಡುತ್ತೇವೆ. ಸಾವಿರಾರು ರೂಪಾಯಿಯ ಬಾಗಿಲು ಆ ಇಟ್ಟಿಗೆಯಿಂದ ಸುಮ್ನೆ ಹಲಗೆಯಾಗುತ್ತದೆ. ಆಸ್ಪತ್ರೆಗಳಲ್ಲಿ ಇದನ್ನು ನೋಡಿದಾಗ ನನಗೆ ನಿಜವಾಗಿ ಹೊಟ್ಟೆ ಉರಿಯುತ್ತದೆ. ಡ್ರಿಪ್ ಹಾಕಿಸಿಕೊಂಡು ಮಲಗಿದವರು ಎದ್ದು ಓಡುವವರಲ್ಲ.

ಈಗ ಅಲಾರಂ. ಸಾಮಾನ್ಯ ಸ್ಮೋಕ್ ಡಿಟೆಕ್ಟರ್ ಒಳಗೆ ಒಂದು ಸಣ್ಣ ಕತ್ತಲ ಗೂಡು. ಒಂದು ಕಡೆ ಬೆಳಕು ಬಿಡುವ ಎಲ್‌ಇಡಿ, ಇನ್ನೊಂದು ಕಡೆ ಬೆಳಕನ್ನು ಗುರುತಿಸುವ ಕಣ್ಣು. ಎರಡೂ ನೇರ ಎದುರಿಲ್ಲ, ಕೋನದಲ್ಲಿರುತ್ತವೆ. ಹಾಗಾಗಿ ಮಾಮೂಲಿ ಹೊತ್ತಿನಲ್ಲಿ ಆ ಕಣ್ಣಿಗೆ ಬೆಳಕು ಕಾಣುವುದಿಲ್ಲ. ಹೊಗೆಯ ಕಣ ಒಳಗೆ ಬಂದರೆ ಬೆಳಕು ಅದಕ್ಕೆ ಬಡಿದು ಚದುರುತ್ತದೆ, ಚದುರಿದ್ದು ಕಣ್ಣಿಗೆ ಬೀಳುತ್ತದೆ, ಅಲಾರಂ ಕೂಗುತ್ತದೆ. ಬೆಳಗ್ಗೆ ಕಿಟಕಿಯಿಂದ ಬಂದ ಬಿಸಿಲಿನಲ್ಲಿ ಧೂಳು ಮಿನುಗುತ್ತದಲ್ಲ, ಅದೇ ವಿಷಯ. ಇಷ್ಟು ಗೊತ್ತಾದರೆ ಅಡುಗೆಮನೆಗೆ ಇದನ್ನು ಹಾಕಬಾರದು ಅಂತಲೂ ಗೊತ್ತಾಗುತ್ತದೆ. ಒಗ್ಗರಣೆ ಹೊಗೆಗೂ, ಇಡ್ಲಿ ಪಾತ್ರೆಯ ಹಬೆಗೂ ಕೂಗಿಕೊಳ್ಳುತ್ತದೆ. ನಾಲ್ಕು ಸಲ ಸುಳ್ಳು ಕೂಗಿದರೆ ಐದನೇ ಸಲ ಯಾರೋ ವೈರ್ ಕಿತ್ತಿರುತ್ತಾರೆ. ಅಲ್ಲಿಗೆ ಕಾವನ್ನು ಗುರುತಿಸುವ ಹೀಟ್ ಡಿಟೆಕ್ಟರ್ ಸರಿ.

ಸ್ಪ್ರಿಂಕ್ಲರ್ ಬಗ್ಗೆ ಜನರಿಗೆ ದೊಡ್ಡ ತಪ್ಪು ಕಲ್ಪನೆ ಇದೆ. ಸಿನಿಮಾದಲ್ಲಿ ತೋರಿಸುವ ಹಾಗೆ ಎಲ್ಲಿಯೋ ಹೊಗೆ ಬಂದರೆ ಇಡೀ ಕಟ್ಟಡದಲ್ಲಿ ಮಳೆ ಸುರಿಯುವುದಿಲ್ಲ. ಚಾವಣಿಯ ಸ್ಪ್ರಿಂಕ್ಲರನ್ನು ಹತ್ತಿರದಿಂದ ನೋಡಿ. ನಡುವೆ ಬೆರಳಿನ ಉಗುರಿಗಿಂತ ಸ್ವಲ್ಪ ಉದ್ದದ ಗಾಜಿನ ಗುಳಿಗೆ. ಒಳಗೆ ಬಣ್ಣದ ದ್ರವ, ಅದರಲ್ಲಿ ಒಂದು ಸಣ್ಣ ಗಾಳಿಗುಳ್ಳೆ. ಪೈಪಿನೊಳಗಿನ ನೀರನ್ನು ಒಂದು ಮುಚ್ಚಳ ತಡೆದಿರುತ್ತದೆ, ಆ ಮುಚ್ಚಳವನ್ನು ಈ ಗುಳಿಗೆ ಒತ್ತಿ ಹಿಡಿದಿರುತ್ತದೆ. ಕಾವಿಗೆ ದ್ರವ ಹಿಗ್ಗುತ್ತದೆ, ಗುಳ್ಳೆ ಮಾಯವಾಗುತ್ತದೆ, ಗಾಜು ಒಡೆಯುತ್ತದೆ, ಮುಚ್ಚಳ ಹಾರಿ ನೀರು ಬರುತ್ತದೆ. ಕಾವು ತಾಗಿದ ಒಂದು ಮಾತ್ರ ತೆರೆಯುತ್ತದೆ. ಪಕ್ಕದ್ದಕ್ಕೂ ಕಾವು ತಲುಪಿದರೆ ಪಕ್ಕದ್ದು. ಕರೆಂಟ್ ಬೇಡ, ಸೆನ್ಸರ್ ಬೇಡ, ಯಾರೂ ಗುಂಡಿ ಒತ್ತಬೇಕಿಲ್ಲ.

ಬಣ್ಣ ಅಂದಕ್ಕೆ ಅಲ್ಲ. ಕಿತ್ತಳೆ 57 ಡಿಗ್ರಿಗೆ ಒಡೆಯುತ್ತದೆ, ಕೆಂಪು 68ಕ್ಕೆ, ಹಳದಿ 79ಕ್ಕೆ, ಹಸಿರು 93ಕ್ಕೆ. ಅಂಗಡಿ, ಆಫೀಸಿಗೆ ಸಾಮಾನ್ಯವಾಗಿ ಕೆಂಪು. ಆದರೆ ನಮ್ಮೂರಿನ ಏಪ್ರಿಲ್ ಬಿಸಿಲಿಗೆ ತಗಡಿನ ಶೀಟಿನ ಗೋಡೌನ್ ಒಳಗೆ ಚಾವಣಿ ಹತ್ತಿರ ಕೈ ಇಡಲು ಆಗುವುದಿಲ್ಲ. ಅಂಥ ಕಡೆ ಹಳದಿಯೋ ಹಸಿರೋ ಬೇಕು, ಇಲ್ಲದಿದ್ದರೆ ಬೆಂಕಿ ಇಲ್ಲದೆಯೇ ಗುಳಿಗೆ ಒಡೆದು ಮಾಲು ನೆನೆಯಬಹುದು.

ಮಾಮೂಲಿ ಸ್ಪ್ರಿಂಕ್ಲರ್ ಒಂದು ಬಾರ್ ಒತ್ತಡದಲ್ಲಿ ನಿಮಿಷಕ್ಕೆ ಸುಮಾರು 80 ಲೀಟರ್ ನೀರು ಬಿಡುತ್ತದೆ. ಹೋಸ್ ಪೈಪಿನ ಒಂದು ಧಾರೆ ಅದರ ಹಲವು ಪಟ್ಟು. ಅಂದರೆ ನೀರಿಗೆ ಸೀರೆ ಹಾಳಾಗುತ್ತದೆ ಅಂತ ಹೆದರುವವರು ಸ್ಪ್ರಿಂಕ್ಲರನ್ನೇ ಆರಿಸಬೇಕು. ಬೆಂಕಿ ಚಿಕ್ಕದಿದ್ದಾಗಲೇ ಅದರ ತಲೆ ಮೇಲೆ ನೀರು ಬೀಳುತ್ತದೆ.

ಇದರ ಹುಟ್ಟು ನಮ್ಮೂರಿಗೆ ದೂರದ್ದಲ್ಲ ಅನ್ನಿಸುತ್ತದೆ. 19ನೇ ಶತಮಾನದಲ್ಲಿ ಅಮೆರಿಕದ ಬಟ್ಟೆ ಮಿಲ್ಲುಗಳಲ್ಲಿ ತೂತು ಕೊರೆದ ಪೈಪುಗಳನ್ನು ಚಾವಣಿಗೆ ಕಟ್ಟಿರುತ್ತಿದ್ದರು. ಬೆಂಕಿ ಬಿದ್ದರೆ ಯಾರಾದರೂ ಓಡಿಹೋಗಿ ವಾಲ್ವ್ ತಿರುಗಿಸಬೇಕಿತ್ತು. ಹೆನ್ರಿ ಪಾರ್ಮಲಿ 1874ರಲ್ಲಿ ತನ್ನ ಪಿಯಾನೋ ಕಾರ್ಖಾನೆಗಾಗಿ ತಾನಾಗಿ ತೆರೆಯುವ ಸ್ಪ್ರಿಂಕ್ಲರ್ ಮಾಡಿದ, ಫ್ರೆಡರಿಕ್ ಗ್ರಿನೆಲ್ ಅದನ್ನು 1881ರಲ್ಲಿ ಸುಧಾರಿಸಿದ. ಹತ್ತಿಗೆ ಬೆಂಕಿ ತಾಗಿದರೆ ಏನಾಗುತ್ತದೆ ಅಂತ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಿಗೆ ಬಿಡಿಸಿ ಹೇಳಬೇಕಿಲ್ಲ. ಅಂಡಿಗೆಯ ಮೇಲೆ ಆರಿದ ಹಾಗೆ ಕಾಣುತ್ತದೆ, ಒಳಗೆ ಬೂದಿ ಮುಚ್ಚಿದ ಕೆಂಡ. ಎರಡು ದಿನ ಬಿಟ್ಟು ಮತ್ತೆ ಏಳುತ್ತದೆ. ಅದಕ್ಕೇ ಹತ್ತಿಯ ಅಂಡಿಗೆಯನ್ನು ಹೊರಗೆ ಎಳೆದು, ಬಿಚ್ಚಿ, ಒಳಗೆಲ್ಲ ನೀರು ಇಳಿಸದೆ ಬೆಂಕಿ ಆರಿತು ಅನ್ನಬಾರದು.

ಸ್ಪ್ರಿಂಕ್ಲರ್ ಕೆಡುವುದು ಬಹಳ ಸಾಮಾನ್ಯ ಕಾರಣಗಳಿಗೆ. ಪೇಂಟ್ ಮಾಡುವವರು ಗುಳಿಗೆಗೂ ಸುಣ್ಣ ಬಳಿದಿರುತ್ತಾರೆ. ಅಂಗಡಿ ಚೆಂದ ಕಾಣಲಿ ಅಂತ ಆಮೇಲೆ ಫಾಲ್ಸ್ ಸೀಲಿಂಗ್ ಹಾಕಿ ಸ್ಪ್ರಿಂಕ್ಲರನ್ನು ಅದರ ಮೇಲೆ ಬಚ್ಚಿಟ್ಟಿರುತ್ತಾರೆ. ಮಾಲನ್ನು ಚಾವಣಿ ಮುಟ್ಟುವವರೆಗೆ ಪೇರಿಸಿರುತ್ತಾರೆ, ನೀರು ಹರಡಲು ಜಾಗವೇ ಇರುವುದಿಲ್ಲ. ಸ್ಪ್ರಿಂಕ್ಲರ್ ಕೆಳಗೆ ಒಂದೂವರೆ ಅಡಿಯಾದರೂ ಖಾಲಿ ಬಿಡಬೇಕು.

ಇಷ್ಟಕ್ಕೂ ನೀರು ಎಲ್ಲಿಂದ ಬರಬೇಕು? ಪಂಪ್ ರೂಮ್ ಅನ್ನುವುದು ಎಲ್ಲಕ್ಕಿಂತ ಮುಖ್ಯವಾದ, ಎಲ್ಲರೂ ಮರೆಯುವ ಕೋಣೆ. ಪೈಪಿನಲ್ಲಿ ಯಾವಾಗಲೂ ಒತ್ತಡದಲ್ಲಿ ನೀರು ನಿಂತಿರಬೇಕು. ಸಣ್ಣಪುಟ್ಟ ಸೋರಿಕೆಗೆ ಒತ್ತಡ ಸ್ವಲ್ಪ ಇಳಿದರೆ ಜಾಕಿ ಪಂಪು ಅನ್ನುವ ಸಣ್ಣ ಪಂಪು ಎದ್ದು ತುಂಬಿಸುತ್ತದೆ. ಎಲ್ಲಾದರೂ ವಾಲ್ವ್ ತೆರೆದು ಒತ್ತಡ ದಬಕ್ಕನೆ ಬಿದ್ದರೆ ದೊಡ್ಡ ಪಂಪು ತಾನಾಗಿ ಏಳುತ್ತದೆ. ನಿಮಿಷಕ್ಕೆ 2,280 ಲೀಟರ್ ಎತ್ತುವ ಪಂಪುಗಳು ಸಾಮಾನ್ಯ. ಕರೆಂಟ್ ಇಲ್ಲದಿದ್ದರೆ ಪಕ್ಕದ ಡೀಸೆಲ್ ಪಂಪು. ದೊಡ್ಡ ಪಂಪು ಒಮ್ಮೆ ಎದ್ದರೆ ತಾನಾಗಿ ನಿಲ್ಲಬಾರದು, ಮನುಷ್ಯನೇ ಬಂದು ನಿಲ್ಲಿಸಬೇಕು. ಇನ್ನೊಂದು ವಿಷಯ: ಬೆಂಕಿ ಬಿದ್ದಾಗ ಮೊದಲು ಮಾಡುವ ಕೆಲಸ ಮೇನ್ ಸ್ವಿಚ್ ಇಳಿಸುವುದು. ಫೈರ್ ಪಂಪಿನ ಲೈನು ಅದೇ ಸ್ವಿಚ್ಚಿನ ಆಚೆ ಇದ್ದರೆ ನೀರೂ ನಿಂತುಹೋಗುತ್ತದೆ. ಅದಕ್ಕೆ ಬೇರೆಯೇ ಲೈನು ಬೇಕು.

ನಮ್ಮೂರಿನ ಎಂಸಿಸಿ ಬಿ ಬ್ಲಾಕ್ ಕಡೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ನಾನು ಪಂಪಿನ ಪ್ಯಾನೆಲ್ ನೋಡಿದಾಗ ಸ್ವಿಚ್ಚು 'ಆಟೋ' ಬದಲು 'ಆಫ್'ನಲ್ಲಿತ್ತು. ಯಾಕೆ ಅಂದರೆ ಎಲ್ಲೋ ಸೋರಿಕೆ, ಜಾಕಿ ಪಂಪು ರಾತ್ರಿಯಿಡೀ ಏಳುತ್ತಿತ್ತು, ಕೆಳಮನೆಯವರಿಗೆ ನಿದ್ದೆ ಇಲ್ಲ. ಸೋರಿಕೆ ಹುಡುಕುವ ಬದಲು ವಾಚ್‌ಮನ್ ಹತ್ತಿರ ಆಫ್ ಮಾಡಿಸಿದ್ದರು. ಎರಡನೇ ಮಹಡಿಯ ಹೋಸ್ ಬಾಕ್ಸ್ ತೆಗೆದೆ. ಕ್ಯಾನ್ವಾಸ್ ಹೋಸ್ ಮಡಿಕೆಯಲ್ಲೇ ಅಂಟಿಕೊಂಡಿತ್ತು. ತುದಿಗೆ ಸಿಕ್ಕಿಸುವ ನಾಝಲ್ ಇರಲಿಲ್ಲ, ಗುಜರಿಗೆ ಒಳ್ಳೆ ಬೆಲೆ ಬರುವ ಲೋಹ. ಒಳಗೆ ಯಾರದೋ ಪೊರಕೆ, ಎರಡು ಫಿನಾಯಿಲ್ ಬಾಟಲಿ. ನೀರಿನ ಒತ್ತಡ ತೋರಿಸುವ ಗೇಜಿನ ಮುಳ್ಳು ಸೊನ್ನೆಯಲ್ಲಿತ್ತು. ಆ ಮಹಡಿಯಲ್ಲಿ ಹೊರಗೆ ಒಂದು ಪುಟ್ಟ ಮಗುವಿನ ಸೈಕಲ್ ನಿಂತಿತ್ತು. ಅದು ನನಗೆ ಇನ್ನೂ ನೆನಪಿದೆ.

ಬೇಸಿಗೆಯಲ್ಲಿ ನೀರು ಸಾಲದೆ, ಬೆಂಕಿ ಆರಿಸಲು ಇಟ್ಟ ಸಂಪಿಗೇ ಮೋಟಾರ್ ಬಿಟ್ಟು ಸ್ನಾನಕ್ಕೆ ಬಳಸುವುದೂ ಉಂಟು. ಒಳ್ಳೆಯ ವಿನ್ಯಾಸದಲ್ಲಿ ಮೊದಲು ಬೆಂಕಿಯ ತೊಟ್ಟಿ ತುಂಬುತ್ತದೆ, ಅದರಿಂದ ಉಕ್ಕಿದ ನೀರು ಮಾತ್ರ ಮನೆಬಳಕೆಯ ತೊಟ್ಟಿಗೆ ಹೋಗುತ್ತದೆ. ಆಗ ನೀರು ಹಳಸುವುದೂ ಇಲ್ಲ, ತೊಟ್ಟಿ ಖಾಲಿಯಾಗುವುದೂ ಇಲ್ಲ.

ಇನ್ನು ಯಜಮಾನರು ತೋರಿಸಿದ ಕೆಂಪು ಸಿಲಿಂಡರ್. 6 ಕೆ.ಜಿ. ಎಬಿಸಿ ಪೌಡರ್ ಸಿಲಿಂಡರ್ ಅಂಗಡಿಗೆ ಒಳ್ಳೆಯದೇ. ಎ ಅಂದರೆ ಬಟ್ಟೆ, ಮರ, ಕಾಗದ. ಬಿ ಅಂದರೆ ಪೆಟ್ರೋಲ್, ಡೀಸೆಲ್‌ನಂಥ ದ್ರವ. ಸಿ ಅಂದರೆ ಗ್ಯಾಸ್. ಆದರೆ ಅದು ಖಾಲಿಯಾಗಲು ಇಪ್ಪತ್ತು ಸೆಕೆಂಡಿನ ಆಸುಪಾಸು ಸಾಕು. ಅದಕ್ಕೇ ಸೆಕೆಂಡುಗಳನ್ನು ಪೋಲು ಮಾಡಬಾರದು: ಪಿನ್ ಎಳೆಯಿರಿ, ಉರಿಯ ಬುಡಕ್ಕೆ ಗುರಿ ಇಡಿ, ಹಿಡಿ ಒತ್ತಿ, ಅತ್ತಿತ್ತ ಗುಡಿಸಿದ ಹಾಗೆ ಆಡಿಸಿ. ಜ್ವಾಲೆಯ ತುದಿಗೆ ಹೊಡೆದರೆ ಪೌಡರ್ ಸುಮ್ನೆ ಹಾರಿಹೋಗುತ್ತದೆ. ನಿಲ್ಲುವಾಗ ಬಾಗಿಲು ನಿಮ್ಮ ಬೆನ್ನ ಹಿಂದೆ ಇರಲಿ. ಒಂದು ಸಿಲಿಂಡರ್‌ಗೆ ಆರದಿದ್ದರೆ ಹೊರಗೆ ಬನ್ನಿ, ಬರುವಾಗ ಬಾಗಿಲು ಎಳೆದುಕೊಳ್ಳಿ. ಕಂಪ್ಯೂಟರ್, ಕರೆಂಟ್ ಪ್ಯಾನೆಲ್ ಇರುವ ಕಡೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ವಾಸಿ, ಪುಡಿ ಉಳಿಯುವುದಿಲ್ಲ. ಅದರ ಕಪ್ಪು ಕೊಳವೆಯನ್ನು ಬರಿಗೈಯಲ್ಲಿ ಹಿಡಿಯಬೇಡಿ, ಚಳಿಗೆ ಚರ್ಮ ಅಂಟಿಕೊಳ್ಳುತ್ತದೆ.

ಬೆಣ್ಣೆ ದೋಸೆ, ಮಿರ್ಚಿ, ಮಂಡಕ್ಕಿ ಭಟ್ಟಿಯ ಊರಿನವರಿಗೆ ಒಂದು ಮಾತು ಜೋರಾಗಿ ಹೇಳಬೇಕು. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬೇಡಿ. ನೀರು ಎಣ್ಣೆಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಅಲ್ಲಿನ ಕಾವಿಗೆ ಒಂದೇ ಕ್ಷಣದಲ್ಲಿ ಹಬೆಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ, ಮೇಲಿನ ಉರಿಯುವ ಎಣ್ಣೆಯನ್ನು ಚಾವಣಿಯವರೆಗೆ ಎರಚುತ್ತದೆ. ಒಲೆ ಆರಿಸಿ, ತಟ್ಟೆಯೋ ಮುಚ್ಚಳವೋ ಪಕ್ಕದಿಂದ ಜಾರಿಸಿ ಮುಚ್ಚಿ, ತಣ್ಣಗಾಗುವವರೆಗೆ ತೆಗೆಯಬೇಡಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ವಾಸನೆ ಬಂದರೆ ಸ್ವಿಚ್ ಹಾಕಲೂಬೇಡಿ, ಆರಿಸಲೂಬೇಡಿ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆಯಿರಿ.

ಶಾರ್ಟ್ ಸರ್ಕ್ಯೂಟ್ ಅಂತ ಎಲ್ಲರೂ ಒಂದೇ ಮಾತಿನಲ್ಲಿ ಹೇಳುತ್ತಾರೆ. ನನ್ನ ಅನುಭವದಲ್ಲಿ ಅದಕ್ಕಿಂತ ಕಳ್ಳ ಅಂದರೆ ಸಡಿಲ ಜೋಡಣೆ. ಎಂಸಿಬಿ, ಅಂದರೆ ಕರೆಂಟನ್ನು ತಾನಾಗಿ ಕಡಿಯುವ ಸ್ವಿಚ್ಚು, ಬೀಳುವುದು ಕರೆಂಟ್ ಮಿತಿ ಮೀರಿ ಹರಿದಾಗ. ಸಡಿಲವಾದ ಸ್ಕ್ರೂ ಹತ್ತಿರ ಕರೆಂಟ್ ಜಾಸ್ತಿ ಹರಿಯುವುದಿಲ್ಲ, ಆ ಚುಕ್ಕಿ ಮಾತ್ರ ಕಾಯುತ್ತದೆ. ಎಂಸಿಬಿಗೆ ಏನೂ ಗೊತ್ತಾಗುವುದಿಲ್ಲ. ನಿಮಗೆ ಗೊತ್ತಾಗುತ್ತದೆ: ಪ್ಲಗ್ ಬೆಚ್ಚಗಿರುತ್ತದೆ, ಬೋರ್ಡಿನ ತೂತಿನ ಸುತ್ತ ಕಂದು ಕಲೆ, ಪ್ಲಾಸ್ಟಿಕ್ ಸುಟ್ಟ ವಾಸನೆ. ಅವತ್ತೇ ಎಲೆಕ್ಟ್ರಿಷಿಯನ್ ಕರೆಸಿ.

ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ನಾಲ್ಕನೇ ಭಾಗ ಪೂರ್ತಿ ಬೆಂಕಿ ಸುರಕ್ಷತೆಗೇ ಇದೆ. ಅದರ ಪ್ರಕಾರ 15 ಮೀಟರ್ ಅಥವಾ ಅದಕ್ಕಿಂತ ಎತ್ತರದ್ದು ಬಹುಮಹಡಿ ಕಟ್ಟಡ. ನಮ್ಮೂರಿನ ಬಹಳಷ್ಟು ಅಂಗಡಿ, ಕೋಚಿಂಗ್ ಸೆಂಟರ್ ಅದಕ್ಕಿಂತ ಕೆಳಗೇ ಇವೆ. ಹಾಗಂತ ಅಪಾಯ ಕಡಿಮೆ ಅಲ್ಲ. 2019ರ ಮೇ 24ರಂದು ಸೂರತ್‌ನ ಕೋಚಿಂಗ್ ಸೆಂಟರ್ ಬೆಂಕಿಯಲ್ಲಿ 22 ವಿದ್ಯಾರ್ಥಿಗಳು ಸತ್ತ ಕಟ್ಟಡವೂ ಗಗನಚುಂಬಿ ಆಗಿರಲಿಲ್ಲ. ಮಗುವನ್ನು ಪಿಯುಸಿ ಟ್ಯೂಷನ್‌ಗೆ ಸೇರಿಸುವಾಗ ಫೀಸು, ರಿಸಲ್ಟು ಕೇಳುತ್ತೀರಿ. ಇಳಿಯುವ ಮೆಟ್ಟಿಲು ಎಷ್ಟಿವೆ ಅಂತಲೂ ನೋಡಿಕೊಂಡು ಬನ್ನಿ.

ಆ ಬಟ್ಟೆ ಅಂಗಡಿಗೆ ನಾನು ಬರೆದುಕೊಟ್ಟ ಪಟ್ಟಿಯಲ್ಲಿ ಮೊದಲ ಸಾಲು ಸಾಮಾನಿನದಾಗಿರಲಿಲ್ಲ. ಮೂಟೆ ತೆಗೆಯಿರಿ ಅಂತ ಬರೆದೆ. ಎರಡನೆಯದು ಶಟರ್ ಕಿತ್ತು, ಹೊರಕ್ಕೆ ತೆರೆಯುವ ಬಾಗಿಲು, ಅದಕ್ಕೆ ಪ್ಯಾನಿಕ್ ಬಾರ್. ಒಳಗಿನಿಂದ ಸೊಂಟದಲ್ಲಿ ದೂಡಿದರೂ ತೆರೆಯುತ್ತದೆ, ಹೊರಗಿನಿಂದ ಕೀ ಇಲ್ಲದೆ ಆಗುವುದಿಲ್ಲ. ಕಳ್ಳರ ಭಯಕ್ಕೂ ಉತ್ತರ ಸಿಕ್ಕಿತು. ಮೂರನೆಯದು ಬ್ಯಾಟರಿಯಲ್ಲಿ ಉರಿಯುವ ದಾರಿದೀಪ. ಅಲಾರಂ ನಾಲ್ಕನೆಯದು.

ಮೂರು ವಾರ ಬಿಟ್ಟು ಒಂದು ಬೆಳಗ್ಗೆ, ಅಂಗಡಿ ತೆರೆಯುವ ಮುಂಚೆ, ಹದಿನಾಲ್ಕು ಜನ ಕೆಲಸದವರನ್ನು ಮೇಲೆ ಕಳಿಸಿ ಅಲಾರಂ ಒತ್ತಿದೆವು. ಮೊದಲ ಸಲ ಎಲ್ಲರೂ ಗಲ್ಲಿಗೆ ಬರಲು ನಾಲ್ಕು ನಿಮಿಷ ಹಿಡಿಯಿತು. ಇಬ್ಬರು ಊಟದ ಡಬ್ಬಿ ತರಲು ಹೋಗಿದ್ದರು, ಒಬ್ಬಳು ಲಿಫ್ಟ್ ಮುಂದೆ ನಿಂತಿದ್ದಳು. ಕರೆಂಟ್ ಹೋದರೆ ಲಿಫ್ಟ್ ನಡುವೆ ನಿಲ್ಲುತ್ತದಮ್ಮಾ ಅಂತ ಅವಳಿಗೆ ಹೇಳಿ ಮತ್ತೆ ಎಲ್ಲರನ್ನೂ ಮೇಲೆ ಕಳಿಸಿದೆವು. ಎರಡನೇ ಸಲ ಒಂದು ನಿಮಿಷ ನಲವತ್ತು ಸೆಕೆಂಡ್. ಯಜಮಾನರು ಮೊಬೈಲಿನಲ್ಲಿ ಟೈಮ್ ನೋಡಿದರು, ಮೆಟ್ಟಿಲ ಕಡೆ ನೋಡಿದರು.

"ಇನ್ನೊಂದ್ಸಲ ಮಾಡಿ" ಅಂದರು.